ಮಸ್ಕತ್ತಿಗೆ ಎರಡೂವರೆ ತಾಸು

ನಿಮ್ಮ ಮನೆಯವರು ಎಲ್ಲಿರುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಊರಿನ ಹೆಸರಿಗಿಂತ ಮೊದಲು ತಾಸು ಹೇಳುತ್ತಿದ್ದೆ. ಎರಡೂವರೆ ತಾಸು. ಮುಂಬೈಯಲ್ಲಿ ವಿಮಾನ ಹತ್ತಿದರೆ ಎರಡೂವರೆ ತಾಸಿಗೆ ಮಸ್ಕತ್. ನಡುವೆ ಒಂದು ಸಮುದ್ರ ಇದೆ, ಇರಲಿ ಬಿಡಿ, ಅದು ಕೆಳಗಿರುತ್ತದೆ. ಕಲಬುರಗಿಯಿಂದ ಮುಂಬೈ ಮುಟ್ಟಲು ರೈಲಿನಲ್ಲಿ ರಾತ್ರಿಯಿಡೀ ಕೂಡಬೇಕು, ಆದರೆ ಅದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ರೈಲು ನಮ್ಮದು, ಅದರಲ್ಲಿ ಕೂಡುವುದೂ ಒಂದು ದೂರವೇ?

ಮೊದಲು ನಾನು ಎರಡೂವರೆ ಎನ್ನುತ್ತಿರಲಿಲ್ಲ, ಸವ್ವಾ ತಾಸು, ಅಂದರೆ ಒಂದೂಕಾಲು, ಎನ್ನುತ್ತಿದ್ದೆ. ಅವರು ನೌಕರಿಗೆ ಹೋದ ಮೂರನೆಯ ವರ್ಷ ಒಮ್ಮೆ ರಜೆಗೆ ಬಂದಿದ್ದರು. ತಿರುಗಿ ಹೋಗುವಾಗ ಟಿಕೀಟು ನೋಡಿದೆ. ಮುಂಬೈ ಬಿಡುವುದು ಮುಂಜಾನೆ ಏಳಕ್ಕೆ, ಮಸ್ಕತ್ ಮುಟ್ಟುವುದು ಎಂಟೂಕಾಲಿಗೆ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಇಷ್ಟು ಲೆಕ್ಕ ಬರುತ್ತದೆ. ಗಾಜಿಪುರದ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದೆ. ಒಲೆಯ ಮೇಲೆ ಬೇಳೆ ಇಟ್ಟು ಇಳಿಸುವುದರೊಳಗೆ ನನ್ನ ಗಂಡ ಅಲ್ಲಿಂದ ಇಲ್ಲಿಗೆ ಬರಬಹುದು ಎಂದೆ. ಯಾರೂ ಎದುರಾಡಲಿಲ್ಲ. ಕಡೆಗೆ ನನ್ನ ಮೈದುನನ ಮಗಳು ತುಳಜಾ, ಆಗ ಕಾಲೇಜಿಗೆ ಹೋಗುತ್ತಿದ್ದಳು, ನಕ್ಕುಬಿಟ್ಟಳು. "ಕಾಕು, ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದ ಇರತದ. ಅವರು ಎಂಟೂಕಾಲು ಅಂದಾಗ ನಮ್ಮಲ್ಲಿ ಪಾವಣೆ ಹತ್ತು, ಒಂಬತ್ತೂಮುಕ್ಕಾಲು. ಎರಡೂಮುಕ್ಕಾಲು ತಾಸು ಆತಲ್ಲ."

ಒಂದೇ ಮಾತಿಗೆ ನನ್ನ ಗಂಡನನ್ನು ಅಷ್ಟು ದೂರ ತಳ್ಳಿದಳಲ್ಲ ಎಂದು ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಎರಡು ದಿನ ಮಾತಾಡಲಿಲ್ಲ. ಆಮೇಲೆ ಕಾಯಿಪಲ್ಲೆಯವನ ಹತ್ತಿರ ಮಾಡುವ ಹಾಗೆ ಚೌಕಾಸಿ ಮಾಡಿ ಕಾಲು ತಾಸು ಬಿಡಿಸಿಕೊಂಡೆ. ವಿಮಾನ ನೆಲದ ಮೇಲೆ ಓಡುವ ಹೊತ್ತನ್ನು ಯಾಕೆ ಹಿಡಿಯಬೇಕು? ಎರಡೂವರೆ ಎಂದು ನಾನೇ ಮುಗಿಸಿದೆ.

ನಾನು ಇಂದೂಬಾಯಿ. ಶಾವಿಗೆ, ಹಪ್ಪಳ, ಮೆಂತ್ಯದ ಹಿಟ್ಟು ಮಾಡಿ ಊರೊಳಗಿನ ಜೇವರ್ಗಿ ಕಾಲೋನಿಯ ಮನೆಗಳಿಗೆ ಕೊಡುತ್ತೇನೆ. ಆ ಕಾಲೋನಿಯ ಹೆಂಗಸರಿಗೆ ಹಿಟ್ಟು ಕೊಂಡರೆ ಸಾಲದು, ಜೊತೆಗೆ ಒಂದು ಸುದ್ದಿಯೂ ಬೇಕು. "ಯಾವಾಗ ಬರ್ತಾರ್ರೀ ಗೋಪಾಲರಾಯರು?" ಎಂದು ಕೇಳುತ್ತಿದ್ದರು. "ಬರ್ತಾರ್ರೀ, ಏನು ಮಹಾ ದೂರ, ಎರಡೂವರೆ ತಾಸು," ಎನ್ನುತ್ತಿದ್ದೆ. ದೂರ ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಹತ್ತಿರ ಎಂದರೆ ಯಾವಾಗ ಬೇಕಾದರೂ ಬರಬಹುದು, ಇವತ್ತು ಬರಲಿಲ್ಲ ಎನ್ನುವುದು ದೊಡ್ಡ ಮಾತಾಗುವುದಿಲ್ಲ. ಆ ಒಂದು ರಜೆಯ ಮೇಲೆ ಅವರು ಬರಲಿಲ್ಲ. ಅದಾಗಿ ಮೂರು ವರ್ಷಕ್ಕೆ ಕಾಗದವೂ ನಿಂತಿತು. ಯಾಕೆ ನಿಂತಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜಗಳವಿಲ್ಲ, ಏನಿಲ್ಲ. ನಾನು ಹಾಕಿದ ಕಾಗದಗಳಿಗೆ ಉತ್ತರ ಬರಲಿಲ್ಲ, ಅಷ್ಟೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಹಬ್ಬಕ್ಕೆ ಮೈದುನ ಬಂಡುವಿನ ಮನೆಗೆ ಹೋದಾಗ, "ನಿಮ್ಮ ಅಣ್ಣನ ಕಾಗದ ಬಂದಿತ್ತು, ಅಲ್ಲಿ ಬಿಸಿಲು ಭಾಳಂತ, ತುಳಜಾನ್ನ ಕೇಳ್ಯಾರ," ಎಂದು ಹೇಳಿಬಿಡುತ್ತಿದ್ದೆ. ಬಂಡು ಕಣ್ಣರಳಿಸಿ ಕೇಳುತ್ತಿದ್ದ. ಅಣ್ಣನೆಂದರೆ ಅವನಿಗೆ ಜೀವ.

ಮನೆಗೆ ಬಂದು ಬೀಗ ತೆಗೆದರೆ ಒಂದು ಕೋಣೆ, ಒಂದು ಒಲೆ. ನಾನು ಒಬ್ಬಳಿಗೆ ಅನ್ನ ಇಡುವುದನ್ನು ಎಷ್ಟು ವರ್ಷವಾದರೂ ಕಲಿಯಲಿಲ್ಲ, ದಿನಾಲು ಮಿಗುತ್ತಿತ್ತು. ಮಿಕ್ಕಿದ್ದನ್ನು ಮರುದಿನ ನಾನೇ ಉಣ್ಣುತ್ತಿದ್ದೆ, ಮತ್ತು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಬೈಯಲಿಕ್ಕಾದರೂ ಮನೆಯಲ್ಲಿ ಇನ್ನೊಬ್ಬರು ಬೇಕೆನಿಸುತ್ತಿತ್ತು.

ಅವರು ಹೋಗಿ ಹದಿನಾಲ್ಕು ವರ್ಷಕ್ಕೆ, ತೊಂಬತ್ತಾರರ ಬೇಸಿಗೆಯಲ್ಲಿ, ಸುದ್ದಿ ಬಂತು. ತಂದವನು ಪಕ್ಕದ ಮನೆಯ ಅಕ್ಬರಿ ಬೇಗಂ ಅವರ ಮಗ ಮಹಮ್ಮದ. ಅವನೂ ಅದೇ ದೇಶದ ಇನ್ನೊಂದು ಊರಿನಲ್ಲಿ ಡ್ರೈವರ್. ಎರಡು ವರ್ಷಕ್ಕೊಮ್ಮೆ ತಪ್ಪದೆ ರಜೆಗೆ ಬರುವವನು. ಹೊರಡುವ ಮೊದಲು ಮಸ್ಕತ್ತಿಗೆ ಹೋಗಿ ನನ್ನ ಗಂಡನನ್ನು ಕಂಡು, ಮನೆಗೆ ಏನಾದರೂ ಕೊಡುವುದಿದೆಯೇ ಎಂದು ಕೇಳಿ ಬರುತ್ತಿದ್ದ. ಪ್ರತಿ ಸಲ ನನಗೆ ಒಂದು ಡಬ್ಬಿ ಖರ್ಜೂರ ಕೊಡುತ್ತಿದ್ದ. ಅದನ್ನು ಕೊಂಡವನು ಮಹಮ್ಮದನೇ ಎಂದು ನನಗೆ ಗೊತ್ತಿತ್ತು. ಆದರೂ ಇಸಿದುಕೊಂಡು, "ಅವರಿಗೆ ನನ್ನ ಬಾಯಿರುಚಿ ಇನ್ನೂ ನೆನಪದ ನೋಡು," ಎನ್ನುತ್ತಿದ್ದೆ.

ಈ ಸಲ ಅವನ ಕೈಯಲ್ಲಿ ಡಬ್ಬಿ ಇರಲಿಲ್ಲ. ಬಾಗಿಲಲ್ಲಿ ನಿಂತ. ಹಿಂದೆ ಅಕ್ಬರಿ ಬೇಗಂ ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದರು.

"ಖಾಲಾ, ಗೋಪಾಲ ಸಾಬ್ ತೀರಿಕೊಂಡಾರ," ಎಂದ. "ಎದಿನೋವು ಬಂತಂತ. ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತಂತ. ನಿಮ್ಮ ಪದ್ಧತಿ ಪ್ರಕಾರನ ಅಲ್ಲೆ ಸುಟ್ಟಾರ. ಕಂಪನಿಯವರು ಎಲ್ಲಾ ನೇಮದಿಂದ ಮಾಡ್ಯಾರ."

"ಯಾವಾಗ?"

"ಹೋದ ತಿಂಗಳು. ನಾ ರಜಾ ತಗೊಂಡು ಅವರ ರೂಮಿಗೆ ಹೋದಾಗ ಗೊತ್ತಾತು."

"ತಿಂಗಳತನಕ ಯಾರೂ ತಿಳಸಲಿಲ್ಲ?"

ಅವನು ನೆಲ ನೋಡಿದ. ಅಕ್ಬರಿ ಬೇಗಂ ಅವನ ತೋಳು ಜಗ್ಗಿದರು, ಹೇಳಬೇಡ ಎನ್ನುವ ಹಾಗೆ. ನನಗೆ ಅದು ಕಂಡಿತು. "ಹೇಳೋ ಮಹಮ್ಮದ, ನನಗೇನು ಇನ್ನು ಆಗೂದದ," ಎಂದೆ.

"ಅಲ್ಲಿದ್ದವರಿಗೆ ಗೊತ್ತಿರಲಿಲ್ಲ, ಖಾಲಾ. ಊರಾಗ ಯಾರೂ ಇಲ್ಲ ಅಂತ ಹೇಳತಿದ್ರಂತ."

ನಾನು ಅಳಲಿಲ್ಲ. ಚಹಾ ಕುಡಿದು ಹೋಗು ಎಂದೆ. ಒಲೆ ಹೊತ್ತಿಸಲು ಹೋದೆ, ಕಡ್ಡಿ ಗೀರಿದರೆ ಹೊತ್ತಲಿಲ್ಲ. ಅಕ್ಬರಿ ಬೇಗಂ ಒಳಗೆ ಬಂದು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, "ಛೋಡೋ ಇಂದೂಬಾಯಿ, ಕೂಡ್ರಿ," ಎಂದರು. ಆಗ ನೋಡಿದೆ, ನಾನು ಕಡ್ಡಿಯನ್ನು ತಿರುವಿ ಹಿಡಿದಿದ್ದೆ.

ಸಂಜೆಯೊಳಗೆ ಬಂಡು ಮತ್ತು ಅವನ ಹೆಂಡತಿ ಮುಕ್ತಾಬಾಯಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ನಿಂತರು. ಅದಕ್ಕೆ ಕಾರಣವಿತ್ತು. ಅವರ ಮನೆಯಲ್ಲಿ ಮದುವೆ. ತುಳಜಾನ ಮದುವೆ. ಮಾರನೆಯ ದಿನ ಕಳೆದರೆ ದೇವರ ಕಾರ್ಯ, ಅದರ ಮಾರನೆಯ ದಿನ ಅಕ್ಷತೆ. ಸೊಲ್ಲಾಪುರದ ಬೀಗರು ಹೊರಡುವ ತಯಾರಿಯಲ್ಲಿದ್ದರು.

ಬಂಡು ಹುಡುಗರ ಹಾಗೆ ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ವೈನಿ, ಇದು ದೇಶಾಂತರ," ಎಂದ.

ನಮ್ಮಲ್ಲಿ ಸೂತಕಕ್ಕೆ ಒಂದು ಲೆಕ್ಕವಿದೆ. ಸೂತಕ ಹಿಡಿದವರು ಯಾರನ್ನೂ ಮುಟ್ಟುವ ಹಾಗಿಲ್ಲ, ದೇವರ ದೀಪ ಹಚ್ಚುವ ಹಾಗಿಲ್ಲ, ಮನೆಯಲ್ಲಿ ಮಂಗಳಕಾರ್ಯ ನಡೆಯುವ ಹಾಗಿಲ್ಲ. ಹೆಂಡತಿಗೆ ಸುದ್ದಿ ಕೇಳಿದ ದಿನದಿಂದ ಹತ್ತು ದಿನ. ಗಂಡ ಎಲ್ಲಿ ಸತ್ತರೂ, ಎಂದು ಸತ್ತರೂ ಅದು ತಪ್ಪುವುದಿಲ್ಲ. ಒಡಹುಟ್ಟಿದವರಿಗೆ ಹಾಗಲ್ಲ. ಸುದ್ದಿ ತಡವಾಗಿ ಬಂದರೆ ಮೂರು ದಿನ. ಸತ್ತದ್ದು ದೂರದ ದೇಶದಲ್ಲಿ, ಅಂದರೆ ದೇಶಾಂತರದಲ್ಲಿ ಆದರೆ ಮೂರು ದಿನವೂ ಇಲ್ಲ. ಉಟ್ಟ ಬಟ್ಟೆಯಲ್ಲಿ ಒಂದು ಸ್ನಾನ ಮಾಡಿದರೆ ತೀರಿತು. ಮಸ್ಕತ್ ಹತ್ತಿರವಾದರೆ ತುಳಜಾನ ಮದುವೆ ನಿಲ್ಲುತ್ತದೆ. ದೂರವಾದರೆ ನಡೆಯುತ್ತದೆ.

"ಯಾವ ದೇಶಾಂತರ?" ಎಂದೆ. "ಎರಡೂವರೆ ತಾಸಿನ ದೇಶಾಂತರ?"

"ಸಮುದ್ರ ದಾಟಬೇಕಲ್ಲ, ವೈನಿ."

"ನೀ ಈಜಿ ದಾಟಾವಿದ್ದಿ ಏನು? ಹದಿನಾಲ್ಕು ವರ್ಷ ನಿಮ್ಮ ಅಣ್ಣ ಹತ್ರ ಇದ್ರು. ಸತ್ತ ಕೂಡಲೆ ದೂರ ಆದ್ರು?"

ಮುಕ್ತಾಬಾಯಿ ಅಳುತ್ತ ಕೈ ಮುಗಿದಳು. "ಅಕ್ಕಾ, ಮುಂದ ಅಧಿಕ ಮಾಸ ಬರತದ, ಅದರ ಬೆನ್ನಿಗೇ ಚಾತುರ್ಮಾಸ. ಅದು ಮುಗಿಯೂತನಕ ಬೀಗರು ನಿಲ್ಲಂಗಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ತುಳಜಾನಿಗೆ ಮೂವತ್ತು ಹತ್ತಿರ ಬಂದಿತ್ತು. ಹಿಂದೆ ಒಂದು ಸಂಬಂಧ ಗೊತ್ತಾಗಿ, ಅದೇ ವಾರ ಹುಡುಗನ ಅಜ್ಜಿ ಸತ್ತು, ಹುಡುಗಿಯ ಕಾಲ್ಗುಣ ಎಂದು ಬಿಟ್ಟುಹೋಗಿದ್ದರು. ಈಗ ಇದೂ ನಿಂತರೆ ಇನ್ನು ಯಾರೂ ಆ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದೆಲ್ಲ ನನಗೆ ಗೊತ್ತಿತ್ತು. ತುಳಜಾ ಹುಟ್ಟಿದಾಗ ಮುಕ್ತಾಬಾಯಿ ಹಾಸಿಗೆ ಹಿಡಿದಿದ್ದಳು. ಮೂರು ವರ್ಷ ಆ ಕೂಸು ನನ್ನ ಮಗ್ಗುಲಲ್ಲೇ ಮಲಗಿದೆ. ಆದರೆ ನನ್ನ ಹೊಟ್ಟೆಯ ಸಂಕಟ ನನಗೆ. ಊರಲ್ಲಿ ಯಾರೂ ಇಲ್ಲ ಎಂದು ಹೇಳಿಕೊಂಡು ಸತ್ತ ಮನುಷ್ಯನಿಗೆ, ಇದ್ದಾರೆ, ಇಬ್ಬರಿದ್ದಾರೆ ಎಂದು ತೋರಿಸಬೇಕೆನಿಸಿತು. ಮೂರು ದಿನ ಒಡಹುಟ್ಟಿದವನು ನನ್ನ ಹಾಗೆ ಮೂಲೆಯಲ್ಲಿ ಕೂಡಲಿ. ಮೂರು ದಿನವಾದರೂ ನಾನೊಬ್ಬಳೇ ಆಗಬಾರದು.

"ಹಣಮಂತಾಚಾರ್ಯರನ್ನ ಕೇಳೂಣು," ಎಂದೆ. "ಅವರು ಏನಂತಾರ ಅದು. ಮತ್ತ್ಯಾರ ಮಾತೂ ನಾ ಕೇಳಂಗಿಲ್ಲ." ಆಚಾರ್ಯರು ಕಮಲಾಪುರದಲ್ಲಿದ್ದರು. ನಮ್ಮ ಲಗ್ನ ಮಾಡಿಸಿದವರು ಅವರೇ. ಅವರ ಮನೆಯಲ್ಲಿ ಫೋನ್ ಇರಲಿಲ್ಲ.

ಮರುದಿನ ಬೆಳಕು ಹರಿಯುವಾಗ ತುಳಜಾ ಒಬ್ಬಳೇ ಬಂದಳು. ಹೊಸ್ತಿಲಲ್ಲಿ ನಿಲ್ಲಲಿಲ್ಲ. ನಾನು ಬೇಡ ಬೇಡ ಎನ್ನುವುದರೊಳಗೆ ಬಂದು ನನ್ನ ಚಾಪೆಯ ಮೇಲೆ ಕೂತು ಕೈ ಹಿಡಿದುಕೊಂಡಳು.

"ಮೈಲಿಗಿ ಆತಲ್ಲ ಹುಚ್ಚಿ. ನಾಳೆ ದೇವರ ಕಾರ್ಯ ಅದ."

"ಸ್ನಾನ ಮಾಡ್ತೀನಿ ತಗೋ," ಎಂದಳು. ಏಳುವಾಗ, "ಕಾಕು, ನನ್ನ ಮಾರಿ ನೋಡಿ ಏನೂ ಹೇಳಬ್ಯಾಡ. ಇದ್ದದ್ದು ಇದ್ದಂಗ ಹೇಳು. ನಿನ್ನ ಎರಡೂವರೆ ತಾಸನ್ನ ನಾ ಇಷ್ಟು ವರ್ಷ ಯಾರ ಮುಂದೂ ತಿದ್ದಿಲ್ಲ," ಎಂದಳು.

ಮದುವೆಗೆಂದು ಗೊತ್ತುಮಾಡಿದ ಜೀಪು ಬಂತು. ನಾನು ಹಿಂದೆ ಒಬ್ಬಳೇ ಕೂತೆ. ಬಂಡು ಮುಂದೆ, ಡ್ರೈವರ್ ಖಂಡೆಪ್ಪನ ಪಕ್ಕ. ಮಡಿಲಲ್ಲಿ ತುಳಜಾನ ಶಾಲೆಯ ಅಟ್ಲಾಸ್ ಇಟ್ಟುಕೊಂಡಿದ್ದ. ಕಮಲಾಪುರ ಎಂದರೆ ಒಂದು ತಾಸಿನ ದಾರಿ. ಹುಮನಾಬಾದ ರಸ್ತೆಯಲ್ಲಿ ಅರ್ಧಕ್ಕೆ ಹೋಗುವಷ್ಟರಲ್ಲಿ ಗಾಲಿ ಪಂಕ್ಚರ್ ಆಯಿತು. ಖಂಡೆಪ್ಪ ಸ್ಟೆಪ್ನಿ ತೆಗೆದ, ಅದರಲ್ಲೂ ಗಾಳಿ ಇರಲಿಲ್ಲ. ಗಾಲಿಯನ್ನು ಒಂದು ಟಂಟಂ ಮೇಲೆ ಹಾಕಿಕೊಂಡು ಹೋದವನು ಬರುವುದರೊಳಗೆ ಬಿಸಿಲು ನೆತ್ತಿಗೆ ಬಂತು. ಬಂಡು ಅಟ್ಲಾಸನ್ನು ತಲೆಯ ಮೇಲೆ ಹಿಡಿದುಕೊಂಡು ರಸ್ತೆಯ ಆ ಬದಿಗೆ ಜಾಲಿಯ ಕೆಳಗೆ ನಿಂತಿದ್ದ, ನಾನು ಈ ಬದಿಗೆ ಜೀಪಿನ ನೆರಳಿನಲ್ಲಿ. ನನಗೆ ಅಂಥ ಹೊತ್ತಿನಲ್ಲೂ ಸುಮ್ಮನಿರಲಾಗಲಿಲ್ಲ.

"ಬಂಡು, ನಾವು ಮನಿ ಬಿಟ್ಟು ಎಷ್ಟೊತ್ತಾತು?"

ಅವನು ಗಡಿಯಾರ ನೋಡಿದ.

"ಇಷ್ಟೊತ್ತಿಗೆ ಮಸ್ಕತ್ತಿನ ವಿಮಾನ ಇಳದು ಮಂದಿ ತಮ್ಮ ತಮ್ಮ ಪೆಟ್ಟಿಗಿ ಹುಡುಕಾಕತ್ತಿರತಾರ. ನಿನಗ ಇನ್ನಾ ಕಮಲಾಪುರ ಸಿಕ್ಕಿಲ್ಲ. ಈಗ ಹೇಳು, ಯಾವುದು ದೇಶಾಂತರ?"

ಖಂಡೆಪ್ಪ ನಕ್ಕ. ಬಂಡು ನಗಲಿಲ್ಲ. ಅವನ ಮುಖ ಬಾಡಿತ್ತು. ಅಣ್ಣ ಸತ್ತದ್ದಕ್ಕೆ ನೆಟ್ಟಗೆ ಅಳಲಿಕ್ಕೂ ಅವನಿಗೆ ಪುರಸೊತ್ತು ಸಿಕ್ಕಿರಲಿಲ್ಲ. ನನಗೆ ಒಂದು ಗಳಿಗೆ ಕನಿಕರ ಬಂತು; ನಾನು ಅದನ್ನು ನುಂಗಿಕೊಂಡೆ.

ಆಚಾರ್ಯರ ಮನೆಯ ಕಟ್ಟೆಯ ಆ ತುದಿಗೆ ಬಂಡು ಕೂತ, ಈ ತುದಿಗೆ ನಾನು ಕೂತೆ. ಆಚಾರ್ಯರು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು. ವಯಸ್ಸಾಗಿತ್ತು, ಕನ್ನಡಕ ದಪ್ಪವಾಗಿತ್ತು. ಸುದ್ದಿ ಕೇಳಿ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. "ನಾನು ಧಾರೆ ಎರೆಸಿದ ಹುಡುಗ," ಎಂದರು.

ಬಂಡು ಅಟ್ಲಾಸ್ ಬಿಚ್ಚಿ ಹೊಸ್ತಿಲ ಹತ್ತಿರ ನೆಲದ ಮೇಲಿಟ್ಟ. ಮುಂಬೈ ಮೇಲೆ ಒಂದು ಬೆರಳು, ಮಸ್ಕತ್ ಮೇಲೆ ಒಂದು ಬೆರಳು. "ಸಾವಿರದ ಐದುನೂರು ಕಿಲೋಮೀಟರಿನ ಮ್ಯಾಲ ಆಗತದರಿ. ನಡುವ ಪೂರಾ ಸಮುದ್ರ."

"ಎರಡು ಬೆರಳಿನ ನಡುವ ಒಂದು ಗೇಣು ಸುದ್ದ ಇಲ್ಲರಿ," ಎಂದೆ ನಾನು.

ಆಚಾರ್ಯರು ನಗಲೂ ಇಲ್ಲ, ಬೈಯಲೂ ಇಲ್ಲ. "ಬಂಡು, ನಡುವ ದೊಡ್ಡ ಹೊಳಿ ಬಂದ್ರ ದೇಶಾಂತರ ಅಂತ ಶಾಸ್ತ್ರದಾಗ ಒಬ್ಬರು ಹೇಳ್ಯಾರ. ಹಂಗ ಹಿಡದ್ರ ಭೀಮಾ ದಾಟಿದ ಜೇವರ್ಗಿನೂ ದೇಶಾಂತರ ಆಗತದ. ಮಾತು ಬ್ಯಾರೆ ಆದಲ್ಲಿ ದೇಶಾಂತರ ಅಂತ ಮತ್ತೊಬ್ಬರು. ನಮ್ಮ ಮನ್ಯಾಗ ಮುಂಜಾನೆ ಕನ್ನಡ, ಸಂಜೀಕ ಮರಾಠಿ. ಅಡಗಿ ಮನಿನ ದೇಶಾಂತರ ಆದೀತು. ಇಷ್ಟು ಯೋಜನ ಅಂತ ಅಳದವರೂ ಇದ್ದಾರ, ಅವರೆಲ್ಲಾ ನಡದು ಅಳದವರು. ಅವರು ವಿಮಾನ ನೋಡಿರಲಿಲ್ಲ."

"ಮತ್ತ ಹೆಂಗರೀ?" ಎಂದ ಬಂಡು.

"ಒಂದು ಅಳತಿ ಉಳೀತದ. ಅದು ಮಾತ್ರ ಯಾವ ಕಾಲಕ್ಕೂ ನಡೀತದ. ಯಾವ ಊರಿನ ಸುದ್ದಿ ಹತ್ತು ರಾತ್ರಿಯೊಳಗ ಮನಿ ಮುಟ್ಟಂಗಿಲ್ಲೋ ಅದು ದೇಶಾಂತರ. ಈ ಸಾವಿನ ಸುದ್ದಿ ತಡಾ ಆಗೇದ, ಅದೊಂದು ಅಕಸ್ಮಾತ್ ಇದ್ದೀತು. ಅದರ ಮ್ಯಾಲ ಹೇಳಾಕ ಬರಂಗಿಲ್ಲ. ನನಗ ಇಷ್ಟು ಹೇಳ್ರಿ. ಅವ ಜೀವಂತ ಇದ್ದಾಗ ಕಾಗದ ಹಾಕಿದ್ರ ಎಷ್ಟು ದಿನಕ್ಕ ಮುಟ್ಟತಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಬಂಡು ತಲೆ ತಗ್ಗಿಸಿದ. ಅವನು ಅಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಮಗಳ ಮದುವೆಗಾಗಿ ತಂದೆಯಾದವನು ಹೇಳಿದರೆ ದೇವರೂ ಬೇಡವೆನ್ನುತ್ತಿರಲಿಲ್ಲ. ಅವನಿಗೆ ಅದು ಬರಲಿಲ್ಲ.

"ಎಂಟು ದಿನಕ್ಕ ಮುಟ್ಟತಾವಂತ ವೈನಿನ ಹೇಳ್ಯಾಳರಿ," ಎಂದ. "ಅಣ್ಣ ತಪ್ಪದ ಬರೀತಿದ್ದ. ಹಬ್ಬಕ್ಕೊಮ್ಮೆ ಬಂದು ವೈನಿ ಎಲ್ಲಾ ಹೇಳತಿದ್ಳು."

"ಹಂಗಾದ್ರ..." ಎಂದು ಆಚಾರ್ಯರು ಶುರುಮಾಡಿ ಬಂಡುವಿನ ಕಡೆ ನೋಡಿ ನಿಲ್ಲಿಸಿದರು. ಮುಂದಿನ ಮಾತು ಮೂವರಿಗೂ ಗೊತ್ತಿತ್ತು. ಹಂಗಾದರೆ ಹತ್ತಿರ. ಹಂಗಾದರೆ ಮೂರು ದಿನ.

ನಾನು ಗೆದ್ದಿದ್ದೆ. ಗೆದ್ದದ್ದು ಯಾವುದರಿಂದ ಎಂದು ನೋಡಿದರೆ, ಎಂಟು ವರ್ಷದಿಂದ ನಾನೇ ಕಟ್ಟಿದ ಸುಳ್ಳಿನಿಂದ. ಅಲ್ಲಿ ಬಿಸಿಲು ಭಾಳಂತೆ, ತುಳಜಾನನ್ನು ಕೇಳಿದ್ದಾರಂತೆ. ಕೇಳಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ಬಂಡು ಆ ಮಾತನ್ನು ಎಷ್ಟು ನಂಬಿದ್ದನೆಂದರೆ ತನ್ನ ಮಗಳ ಅಕ್ಷತೆಯನ್ನೇ ಅದರ ಮೇಲಿಟ್ಟು ಕೂತಿದ್ದ. ಮುಂಜಾನೆ ತುಳಜಾ ಹಿಡಿದುಕೊಂಡ ಕೈ ನನ್ನ ಮಡಿಲಲ್ಲಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಸುಳ್ಳು ಬಿಟ್ಟರೆ ನನಗೆ ಗಂಡನೇ ಇಲ್ಲ. ಅವರು ಸತ್ತ ಸುದ್ದಿಗಿಂತ ಅದನ್ನು ಬಾಯಿಬಿಟ್ಟು ಹೇಳುವುದು ನನಗೆ ಹೆಚ್ಚಿನ ಸಂಕಟವಾಗಿತ್ತು.

"ಇಲ್ಲರಿ," ಎಂದೆ.

"ಏನು ಇಲ್ಲ?" ಎಂದರು ಆಚಾರ್ಯರು.

"ಕಾಗದ ಬರತಿರಲಿಲ್ಲರಿ. ಎಂಟು ವರ್ಷ ಆತು."

ಬಂಡು ತಲೆ ಎತ್ತಿದ. "ಮತ್ತ ದೀಪಾವಳಿಗೆ ನೀ ಹೇಳಿದ್ದು?"

"ನಾ ಕಟ್ಟಿ ಹೇಳಿದ್ದು. ಎಲ್ಲಾ ನಾನ ಕಟ್ಟಿ ಹೇಳಿದ್ದು, ಬಂಡು. ಅಲ್ಲಿದ್ದವರಿಗೆ ನಾ ಒಬ್ಬಾಕಿ ಇದ್ದೀನಿ ಅಂತ ಸುದ್ದ ಗೊತ್ತಿರಲಿಲ್ಲ. ಊರಾಗ ಯಾರೂ ಇಲ್ಲ ಅಂತ ಹೇಳಿಕೊಂಡು ಇದ್ರಂತ." ಇಷ್ಟು ವರ್ಷಕ್ಕೆ ಮೊದಲ ಸಲ ಇನ್ನೊಬ್ಬರೆದುರು ಅತ್ತೆ. "ಭಾಳ ದೂರ ಅದರಿ, ಆಚಾರ್ಯರ. ಅಲ್ಲಿಂದ ಯಾವ ಸುದ್ದಿನೂ ಬರಂಗಿಲ್ಲ. ಬಂಡುನ್ನ ಸ್ನಾನ ಮಾಡಿಸಿ ಕಳಸ್ರಿ."

ಆಚಾರ್ಯರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ಬಂಡು, ಹಿಂದ ಬಾವಿ ಅದ," ಎಂದರು. "ಉಟ್ಟದ್ದರಾಗ ನೀರು ಸುರಕೊಂಡು ಬಾ. ಅಣ್ಣನ್ನ ನೆನಸು. ಮದುವಿ ನಡೀಲಿ. ಮುಂದಿನ ಕಾರ್ಯ ನಾ ನೋಡಕೋತೀನಿ."

ಹಿತ್ತಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಅದರ ನಡುವೆ ಬಂಡು ಅಳುವುದೂ ಕೇಳಿಸಿತು. ನೀರು ನಿಂತ ಮೇಲೂ ಅಳುತ್ತಿದ್ದ. ತೊಯ್ದ ಬಟ್ಟೆಯಲ್ಲಿ ಬಂದು ನನ್ನೆದುರು ನಿಂತ. ಕಾಲಿಗೆ ಬೀಳಲು ಬಗ್ಗಿದವನು ನೆನಪಾಗಿ ನಿಂತುಬಿಟ್ಟ. ಅವನ ಸೂತಕ ಮುಗಿದಿತ್ತು, ನನ್ನದು ಇನ್ನೂ ಒಂ‌ಬತ್ತು ದಿನ ಇತ್ತು. ಅವನಿಗೂ ನನಗೂ ನಡುವೆ ಎರಡು ಮಾರು ನೆಲ.

"ನನಗರ ಹೇಳಬಾರದಾಗಿತ್ತೇನು, ವೈನಿ," ಎಂದ.

"ಏನಂತ ಹೇಳಲಿ? ನಿನ್ನ ಅಣ್ಣ ನನ್ನ ಮರತಾರ ಅಂತ?"

ಅವನು ತೊಯ್ದ ಅಂಗಿಯ ತುದಿ ಹಿಂಡಿದ. "ನಡಿ, ಜೀಪಿನ್ಯಾಗ ಕೂಡು. ಮನಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದ್ರಾತು," ಎಂದ.

"ಬ್ಯಾಡ. ನೀ ಹೋಗಿ ಮನ್ಯಾಗ ಹೇಳು, ಅವರು ಜೀವ ಹಿಡಕೊಂಡು ಕೂತಿರತಾರ. ನಾ ಬಸ್ಸಿಗೆ ಬರ್ತೀನಿ."

ಬಹಳ ಹೇಳಿದ. ನಾನು ಏಳಲಿಲ್ಲ. ಸಿಟ್ಟಿನಿಂದಲ್ಲ. ಅವನ ಎದುರಿಗೆ ಕೂತು ಅಷ್ಟು ದೂರ ಹೋಗುವ ಶಕ್ತಿ ಇರಲಿಲ್ಲ. ಖಂಡೆಪ್ಪ ಜೀಪು ತಿರುಗಿಸಿದ. ಅಟ್ಲಾಸ್ ಕಟ್ಟೆಯ ಮೇಲೆಯೇ ಉಳಿಯಿತು, ಆಚಾರ್ಯರ ಮೊಮ್ಮಕ್ಕಳಿಗಾಯಿತು.

ಕಮಲಾಪುರದ ಸ್ಟ್ಯಾಂಡಿನಲ್ಲಿ ಕಲಬುರಗಿಯ ಬಸ್ಸು ನಿಂತಿತ್ತು. ಇಬ್ಬರು ಕೂಡುವ ಸೀಟಿನಲ್ಲಿ ಕಿಟಕಿಗೆ ಕೂತು, ಯಾರೂ ಮುಟ್ಟದಿರಲೆಂದು ಪಕ್ಕದಲ್ಲಿ ನನ್ನ ಚೀಲ ಇಟ್ಟೆ. ಬಸ್ಸು ತುಂಬಿತು. ಚೀಲ ನೋಡಿ ಒಬ್ಬಿಬ್ಬರು ಹಿಂದೆ ಹೋದರು. ಮನೆಯಲ್ಲಿ ಇನ್ನು ಒಂಬತ್ತು ದಿನ ಹೀಗೆಯೇ ಎಂದುಕೊಂಡೆ. ಆಮೇಲೆ, ಒಂಬತ್ತು ದಿನ ಕಳೆದ ಮೇಲೆ ಬೇರೆ ಏನು ಆಗುವುದಿದೆ ಎಂದೂ ಅನಿಸಿತು. ಇಷ್ಟು ದಿನ ಬರುತ್ತಾರೆ ಎಂದು ಹೇಳುವುದೊಂದು ಕೆಲಸವಿತ್ತು. ಅದೂ ತೀರಿತ್ತು.

ಕಡೆಗೆ ಒಬ್ಬ ಹೆಂಗಸು ಕೆಂಪು ಬಾಳೆಹಣ್ಣಿನ ಬುಟ್ಟಿ ಹಿಡಿದುಕೊಂಡು ಹತ್ತಿದಳು. ಹಣೆಯ ತುಂಬ ವಿಭೂತಿ. ನನ್ನ ಸೀಟಿನ ಹತ್ತಿರ ನಿಂತಳು.

"ಯವ್ವಾ, ಇಲ್ಲಿ ಯಾರರ ಬರೋರು ಅದಾರೇನು?"

"ಯಾರೂ ಬರೋರಿಲ್ಲ," ಎಂದೆ. "ಆದ್ರ ನನಗ ಸೂತಕ ಅದ. ಮುಟ್ಟಬ್ಯಾಡ್ರಿ."

"ನಮಗ ಅದೆಲ್ಲಾ ಇಲ್ಲ ತಗೋ. ನಾವು ಲಿಂಗ ಕಟ್ಟಿದವ್ರು. ಸರಿ ಸ್ವಲ್ಪ." ಚೀಲ ಎತ್ತಿ ನನ್ನ ಮಡಿಲಿಗಿಟ್ಟು, ಬುಟ್ಟಿಯನ್ನು ತನ್ನ ಮಡಿಲಿಗಿಟ್ಟುಕೊಂಡು ಒತ್ತಿ ಕೂತಳು. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿಗೆ ಕೇಳಿದಳು, "ಯಾರು ತೀರಿಕೊಂಡಾರ?"

"ನಮ್ಮ ಮನಿಯವರು."

ಅವಳು ತಿರುಗಿ ನನ್ನ ಹಣೆಯ ಕುಂಕುಮ ನೋಡಿದಳು. ನಮ್ಮಲ್ಲಿ ಅದು ಹತ್ತನೆಯ ದಿನದವರೆಗೆ ಇರುತ್ತದೆ. "ಯಾವಾಗ ಆತು, ತಂಗಿ?"

"ಹದಿನಾಲ್ಕು ವರ್ಷ ಆತು."

"ಹದಿನಾಲ್ಕು ವರ್ಷ? ಮತ್ತ ಈಗ್ಯಾಕ ಸೂತಕ ಹಿಡದಿ?"

"ಸುದ್ದಿ ನಿನ್ನೆ ಮುಟ್ಟೇದ," ಎಂದೆ. "ಭಾಳ ದೂರ ಇದ್ರು."

ಅವಳು ಬುಟ್ಟಿಯನ್ನು ಕಾಲ ಬಳಿ ಇಳಿಸಿ, ನನ್ನ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕಲಬುರಗಿ ಬರುವವರೆಗೆ ಬಿಡಲಿಲ್ಲ.